ಮಗು-ಮನೆ ಪ್ರಶ್ನೋತ್ತರ: ಸರತಿ ಸಾಲಿನಲ್ಲಿ ನಿಂತ ಪುಟ್ಟವರು

ಪ್ರಶ್ನೆ: ನಮ್ಮ ಮಗಳಿಗೆ ಈಗ ನಾಲ್ಕು ವರ್ಷ ಎರಡು ತಿಂಗಳು. ಕಳೆದ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಸೇರಿ ಒಂದು ದೊಡ್ಡ ಮನರಂಜನಾ ಪಾರ್ಕಿಗೆ ಹೋಗಿದ್ದೆವು. ಒಂದೊಂದು ಆಟಕ್ಕೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಬೇಕಾಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಗಳು ಎತ್ತಿಕೋ ಎಂದು ಹಟ ಹಿಡಿಯುತ್ತಿದ್ದಳು, ಎತ್ತಿಕೊಂಡರೆ ಇಳಿಸು ಎನ್ನುತ್ತಿದ್ದಳು. 'ಇನ್ನೈದೇ ನಿಮಿಷ ಪುಟ್ಟಿ' ಎಂದು ಹೇಳಿ ಹೇಳಿ ನನಗೇ ಸಾಕಾಯಿತು. ಒಂದು ಕಡೆಯಂತೂ ಐವತ್ತು ನಿಮಿಷ ಕಾದು ಬಾಗಿಲ ಬಳಿ ಹೋದ ಮೇಲೆ, ಎತ್ತರ ಸಾಲದೆಂದು ಅವಳನ್ನು ವಾಪಸು ಕಳಿಸಿದರು. ಅಲ್ಲೇ ನೆಲದ ಮೇಲೆ ಬಿದ್ದು ಅತ್ತಳು. ಬರುವ ದಸರಾ ರಜೆಯಲ್ಲಿ ಬಿಡದಿಯ ವಂಡರ್‌ಲಾಗೆ ಹೋಗೋಣವೆಂದು ಹತ್ತು ವರ್ಷದ ಮಗ ಈಗಿನಿಂದಲೇ ಕುಣಿಯುತ್ತಿದ್ದಾನೆ. ನಮ್ಮ ಅತ್ತೆಯವರೂ ಬರುತ್ತಾರೆ. ಸಾಲಿನಲ್ಲಿ ಈ ಪುಟ್ಟವಳನ್ನು ಹೇಗೆ ಸಂಭಾಳಿಸಲಿ, ಮೇಡಂ?
— ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ನಿಂತದ್ದು ಆ ಐವತ್ತು ನಿಮಿಷದ ಘಟನೆಯ ಮೇಲೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಅಷ್ಟು ಹೊತ್ತು ಕಾದು, ಬಾಗಿಲ ತನಕ ಹೋಗಿ, 'ನೀನು ಬರುವಂತಿಲ್ಲ' ಎಂಬ ಮಾತು ಕೇಳಿದ ಮಗು ಅತ್ತದ್ದು ಹಟವಲ್ಲ, ಅದು ನ್ಯಾಯವಾದ ದುಃಖ. ಈ ಸಲ ಅದನ್ನು ಮನೆಯಲ್ಲಿಯೇ ತಪ್ಪಿಸಬಹುದು. ಹೊರಡುವ ಎರಡು ದಿನ ಮೊದಲು ಮಗಳನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಆನಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಪುಸ್ತಕವೊಂದನ್ನು ಅಡ್ಡಲಾಗಿಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆದು ಟೇಪಿನಿಂದ ಅಳೆಯಿರಿ. ಈ ವಯಸ್ಸಿನ ಹೆಣ್ಣುಮಕ್ಕಳ ಎತ್ತರ ಸಾಮಾನ್ಯವಾಗಿ 100 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. 2005ರಲ್ಲಿ ಆರಂಭವಾದ ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟನ್ನೂ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ ನಿರ್ಧರಿಸುತ್ತಾರೆ. ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂಬುದನ್ನು ಮೊದಲೇ ನೋಡಿಕೊಂಡು, ಹಿಂದಿನ ರಾತ್ರಿ ಮಲಗುವಾಗ 'ಇವು ಅಣ್ಣನ ಆಟ, ಇವು ನಿನ್ನ ಆಟ, ಇವು ನಮ್ಮೆಲ್ಲರ ಆಟ' ಎಂದು ಅವಳಿಗೆ ಹೇಳಿಬಿಡಿ. ಅಣ್ಣನ ಆಟದ ಸಾಲಿನಲ್ಲಿ ಅವಳು ನಿಲ್ಲಲೇಬಾರದು. ಅಷ್ಟು ಹೊತ್ತು ಅವಳು ಅಜ್ಜಿಯ ಜೊತೆ ನೆರಳಿನಲ್ಲಿರಲಿ, ಇಲ್ಲವೇ ತನ್ನ ಪುಟ್ಟ ಆಟಗಳ ಕಡೆ ಹೋಗಲಿ. ತಂಗಿಗಾಗಿ ಅಣ್ಣ ತನ್ನ ಆಟ ಬಿಡುವುದೂ ಬೇಡ, ಅವನಿಗೂ ಇದು ವರ್ಷಕ್ಕೊಮ್ಮೆ ಬರುವ ದಿನ.

ಇನ್ನು ಅವಳು ನಿಲ್ಲಲೇಬೇಕಾದ ಸಾಲಿನ ಮಾತು. ಒಮ್ಮೆ ಸಾಲಿನಲ್ಲಿದ್ದಾಗಲೇ ಮಂಡಿಯೂರಿ, ನಿಮ್ಮ ಕಣ್ಣನ್ನು ಅವಳ ಕಣ್ಣಿನ ಮಟ್ಟಕ್ಕೆ ತಂದು ಸುತ್ತ ನೋಡಿ. ಕಾಣುವುದು ಮುಂದಿನವರ ಪ್ಯಾಂಟಿನ ಜೇಬು, ಒದ್ದೆ ಟವೆಲು ತುರುಕಿದ ಪ್ಲಾಸ್ಟಿಕ್ ಚೀಲ, ಕಬ್ಬಿಣದ ಕಂಬಿ, ಒಂದಷ್ಟು ಚಪ್ಪಲಿಗಳು. ನಮಗೆ ತಲೆಗಳ ಮೇಲಿಂದ ತಿರುಗುವ ಆಟ ಕಾಣುತ್ತದೆ, ಮುಂದೆ ಎಷ್ಟು ಜನರಿದ್ದಾರೆಂದು ತಿಳಿಯುತ್ತದೆ. ಅವಳಿಗೆ ಎರಡೂ ಇಲ್ಲ. ಅವಳ ಪಾಲಿಗೆ ಅದು ಕಾಲುಗಳ ಕಾಡು, ಅದಕ್ಕೊಂದು ಕೊನೆಯಿದೆ ಎಂಬುದಕ್ಕೆ ಅಮ್ಮನ ಮಾತೊಂದೇ ಆಧಾರ. ಆ ಮಾತೂ 'ಇನ್ನೈದೇ ನಿಮಿಷ' ಎಂದು ಆರು ಸಲ ಸುಳ್ಳಾದರೆ ಅವಳು ನಂಬುವುದು ಏನನ್ನು?

ಸರತಿ ಸಾಲುಗಳ ಮನೋವಿಜ್ಞಾನದ ಬಗ್ಗೆ ಡೇವಿಡ್ ಮೇಸ್ಟರ್ ಎಂಬವರು 1985ರಲ್ಲಿ ಬರೆದ ಪ್ರಬಂಧವನ್ನು ಸೇವಾ ಉದ್ಯಮದವರು ಇಂದಿಗೂ ಉಲ್ಲೇಖಿಸುತ್ತಾರೆ. ಕೈಯಲ್ಲಿ ಕೆಲಸವಿಲ್ಲದೆ ಕಾಯುವ ಹೊತ್ತು ಕೆಲಸವಿದ್ದು ಕಾಯುವ ಹೊತ್ತಿಗಿಂತ ಉದ್ದವೆನಿಸುತ್ತದೆ, ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ ತಿಳಿದದ್ದಕ್ಕಿಂತ ಉದ್ದವೆನಿಸುತ್ತದೆ ಎಂಬವು ಅವರ ಮಾತುಗಳಲ್ಲಿ ಮುಖ್ಯವಾದವು. ಅವರು ಬರೆದದ್ದು ವಯಸ್ಕ ಗ್ರಾಹಕರನ್ನು ಕುರಿತು. ಆದರೆ ಶಿಶುವಿಹಾರದಲ್ಲಿ ವರ್ಷಗಟ್ಟಲೆ ಮಕ್ಕಳ ನಡುವೆ ಕಳೆದ ನನಗೆ, ಆ ಎರಡೂ ಮಾತು ದೊಡ್ಡವರಿಗಿಂತ ಮಕ್ಕಳಿಗೇ ಹೆಚ್ಚು ಒಪ್ಪುತ್ತವೆ ಎನಿಸಿದೆ. ಹಾಗಾಗಿ ನಿಮ್ಮ ಮಗಳಿಗೆ ಬೇಕಾದದ್ದು ಒಂದು ಅಳತೆ ಮತ್ತು ಒಂದು ಕೆಲಸ. ಚೀಲ ತುಂಬ ಆಟಿಕೆ ಬೇಕಾಗಿಲ್ಲ.

ಅಳತೆಗೆ ನಿಮಿಷ ಬೇಡ, ನಾಲ್ಕು ವರ್ಷದ ಮಗುವಿಗೆ ನಿಮಿಷವೆಂದರೇನೆಂದು ಗೊತ್ತಿಲ್ಲ. ಪಾರ್ಕುಗಳ ಸಾಲು ಕಂಬಿಗಳ ನಡುವೆ ಹಾವಿನಂತೆ ಸುತ್ತಿಕೊಂಡಿರುತ್ತದೆಯಲ್ಲ, ಒಳಗೆ ಕಾಲಿಡುವ ಮೊದಲು ಅವಳನ್ನು ಎತ್ತಿ ಆ ತಿರುವುಗಳನ್ನು ಅವಳ ಕೈಯಿಂದಲೇ ಎಣಿಸಿ. ಆರು ತಿರುವಿದ್ದರೆ, ಜಡೆಗೆ ಹಾಕುವ ಬಣ್ಣದ ರಬ್ಬರ್ ಬ್ಯಾಂಡ್ ಆರು ನಿಮ್ಮ ಮಣಿಕಟ್ಟಿನಲ್ಲಿರಲಿ. ಒಂದೊಂದು ತಿರುವು ದಾಟಿದಾಗಲೂ ಅವಳೇ ಒಂದು ತೆಗೆದು ತನ್ನ ಕೈಗೆ ಹಾಕಿಕೊಳ್ಳಲಿ. ನಿಮ್ಮ ಕೈ ಖಾಲಿಯಾದಾಗ ಆಟದ ಬಾಗಿಲು ಬರುತ್ತದೆ. ನಡುವೆ ಅವಳು 'ಇನ್ನೆಷ್ಟು ಹೊತ್ತಮ್ಮಾ' ಎಂದರೆ ನೀವು ಉತ್ತರ ಹೇಳಬೇಕಾಗಿಲ್ಲ, ಕೈ ತೋರಿಸಿದರೆ ಸಾಕು. ತಿರುವುಗಳಿಲ್ಲದ ನೇರ ಸಾಲಾದರೆ ತಲೆಯ ಮೇಲಿನ ಫ್ಯಾನುಗಳನ್ನೋ ಕಂಬಗಳನ್ನೋ ಎಣಿಸಿಕೊಳ್ಳಬಹುದು.

ಕೆಲಸದ ವಿಷಯಕ್ಕೆ ಬಂದರೆ, ಅತ್ತೆಯವರು ಜೊತೆಗಿರುವುದು ನಿಮ್ಮ ಪುಣ್ಯ. ಎಷ್ಟೋ ವರ್ಷಗಳ ಹಿಂದೆ ನಾವು ತಿರುಮಲೆಗೆ ಹೋದಾಗ ವೈಕುಂಠಂ ಕ್ಯೂ ಕಾಂಪ್ಲೆಕ್ಸಿನ ಒಂದು ಕಂಪಾರ್ಟ್‌ಮೆಂಟಿನಲ್ಲಿ ಗಂಟೆಗಟ್ಟಲೆ ಕೂತಿದ್ದೆವು, ನನ್ನ ಮಗನಿಗೆ ಆಗ ಐದು ವರ್ಷ. ನಮ್ಮಮ್ಮ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ರಾಕ್ಷಸನ ಕಥೆ ಶುರು ಮಾಡಿದರು, ಜೊತೆಗೊಂದು ಕರಾರನ್ನೂ ಹಾಕಿದರು: ಸಾಲು ನಿಂತಿರುವಾಗ ಕಥೆ ನಡೆಯುತ್ತದೆ, ಸಾಲು ನಡೆದಾಗ ಕಥೆ ನಿಲ್ಲುತ್ತದೆ. ಕೊನೆಗೆ ಗೇಟು ತೆಗೆದು ಜನರೆಲ್ಲ ಗೋವಿಂದ ಎನ್ನುತ್ತ ಎದ್ದು ನಿಂತರೆ, ನಮ್ಮವನು ಅಜ್ಜಿಯ ಸೆರಗು ಹಿಡಿದು 'ಇನ್ನೂ ಬೇಡಜ್ಜಿ, ರಾಕ್ಷಸ ಇನ್ನೂ ಸತ್ತಿಲ್ಲ' ಎಂದು ಕೂತೇ ಇದ್ದ. ಕಾಯುವ ಮಗುವಿಗೆ ಸಾಲು ನಿಂತಾಗಲೇ ಸುಖ ಸಿಗುವಂತೆ ಮಾಡಿದ ಆ ಉಪಾಯಕ್ಕಿಂತ ದೊಡ್ಡದನ್ನು ನಾನು ಆಮೇಲೆ ಎಲ್ಲಿಯೂ ಕಲಿಯಲಿಲ್ಲ.

ಕಥೆ ಬೇಸರವಾದರೆ ಅಂಗೈಯ ಊಟವಿದೆ. ಮಗುವಿನ ಅಂಗೈಯನ್ನೇ ತಟ್ಟೆ ಮಾಡಿ, ಅದರಲ್ಲಿ ಅನ್ನ ಬಡಿಸಿ, ಹುಳಿ ಹಾಕಿ, ತುಪ್ಪ ಬಿಟ್ಟು, ಮೊಣಕೈ ಊರಿ ಕಲಸಿದ ಹಾಗೆ ಮಾಡಿ, ಒಂದೊಂದು ಬೆರಳಿಗೂ ಒಂದೊಂದು ತುತ್ತು ಕೊಡಿ: ಇದು ಅಪ್ಪನಿಗೆ, ಇದು ಅಣ್ಣನಿಗೆ, ಇದು ಅಜ್ಜಿಗೆ. ಉಳಿದ ಅಗುಳನ್ನು ಹುಡುಕಿಕೊಂಡು ನಿಮ್ಮ ಎರಡು ಬೆರಳು ಇರುವೆಯಾಗಿ ಅವಳ ತೋಳಿನ ಮೇಲೆ ಮೆಲ್ಲಗೆ ಹತ್ತುತ್ತ ಕಂಕುಳಿಗೆ ಹೋಗಿ ಕಚಗುಳಿಯಿಟ್ಟರೆ, ಮುಂದಿನ ಊಟವನ್ನು ಅವಳೇ ನಿಮ್ಮ ಅಂಗೈಯಲ್ಲಿ ಬಡಿಸುತ್ತಾಳೆ. ಇದಕ್ಕೆ ಬೇಕಾದ ಜಾಗ ಎರಡು ಅಂಗೈಯಷ್ಟೇ, ಎಂಥ ಇಕ್ಕಟ್ಟಿನ ಸಾಲಿನಲ್ಲಿಯೂ ಆಗುತ್ತದೆ. ನಿಂತ ಕಡೆಯೇ ಒಗಟು ಕಟ್ಟಬಹುದು: 'ಹೊರಗೆ ಹಸಿರು, ಒಳಗೆ ಕೆಂಪು, ಬೀಜ ಮಾತ್ರ ಕಪ್ಪು, ನಾನ್ಯಾರು?' ಕಲ್ಲಂಗಡಿ ಎಂದು ಹೇಳಿಬಿಟ್ಟರೆ ಮುಂದಿನ ಒಗಟು ಅವಳದು, ಅದಕ್ಕೆ ಉತ್ತರವೇ ಇಲ್ಲದಿದ್ದರೂ ನೀವು ತಲೆ ಕೆರೆದುಕೊಂಡು ಯೋಚಿಸಬೇಕು. ಅವಳ ಕಣ್ಣಿನ ಮಟ್ಟಕ್ಕೆ ಹೇರಳವಾಗಿ ಸಿಗುವುದು ಚಪ್ಪಲಿಗಳೇ ಆದ್ದರಿಂದ, ನೀಲಿ ಬಣ್ಣದವು ಎಷ್ಟು, ಲೇಸು ಬಿಚ್ಚಿದವು ಎಷ್ಟು ಎಂದು ಲೆಕ್ಕ ಇಡುವ ಕೆಲಸವನ್ನು ಅವಳಿಗೆ ವಹಿಸಿ. ಬೀಜ, ಮಣಿ, ಗೋಲಿ ಯಾವುದನ್ನೂ ಕೈಗೆ ಕೊಡಬೇಡಿ, ನೂಕುನುಗ್ಗಲಿನಲ್ಲಿ ಬಾಯಿಗೆ ಹೋದರೆ ತೊಂದರೆ. ಕಂಬಿಯ ಮೇಲೆ ಹತ್ತಿ ಜೋತಾಡಲೂ ಬಿಡಬೇಡಿ.

ಉಳಿದ ಸಂಗತಿಗಳು ನಿಮಗೆ ತಿಳಿಯದವೇನಲ್ಲ. ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ. ಪ್ರತಿ ಸಾಲಿಗೂ ಮೊದಲು ಶೌಚಾಲಯ ಮತ್ತು ಎರಡು ಗುಟುಕು ನೀರು. ಹೆಚ್ಚಿನ ಹಣಕ್ಕೆ ಸಿಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟಿನಲ್ಲಿ ಸಾಲು ಚಿಕ್ಕದಾಗುತ್ತದೆ, ಆದರೆ ನಿಮ್ಮ ಮಗಳಿಗೆ ಒಪ್ಪುವ ಆಟ ನಾಲ್ಕೈದೇ ಆದರೆ ಅವಳ ಸಲುವಾಗಿ ಆ ಖರ್ಚು ಬೇಡವೆಂದೇ ನನ್ನ ಅಭಿಪ್ರಾಯ. ನಡುವೆ ನಿಜವಾಗಿಯೂ ಅಳು ಹತ್ತಿಕೊಂಡರೆ, ಸುತ್ತಲಿನವರ ಮುಖ ನೋಡದೆ ಅವಳನ್ನು ಎತ್ತಿಕೊಂಡು ಸಾಲು ಬಿಟ್ಟು ಹೊರಗೆ ಬನ್ನಿ. ಅರ್ಧ ಗಂಟೆ ಕಾದದ್ದು ಹಾಳಾಯಿತೆಂಬ ಲೆಕ್ಕ ನಮಗೆ ಹೊರತು ಅವಳಿಗಿಲ್ಲ.

ಪ್ರಶ್ನೆ: ಮೂರು ವರ್ಷದ ಮಗನಿಗೆ ಸಾಲಿನಲ್ಲಿ ಮೊಬೈಲ್ ಕೊಟ್ಟರೆ ತಾಸುಗಟ್ಟಲೆ ಸುಮ್ಮನಿರುತ್ತಾನೆ. ನನ್ನ ಹೆಂಡತಿಗೆ ಇದು ಸೇರುವುದಿಲ್ಲ. ವರ್ಷಕ್ಕೊಂದು ದಿನ ಕೊಟ್ಟರೆ ಅಷ್ಟು ದೊಡ್ಡ ತಪ್ಪೇ?
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ತಪ್ಪು ಎಂದು ನಿಮ್ಮ ಮೇಲೆ ಹೊರೆ ಹಾಕಲಾರೆ. 2ರಿಂದ 4 ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. 'ತಾಸುಗಟ್ಟಲೆ' ಎಂಬ ನಿಮ್ಮ ಮಾತು ಅದನ್ನು ದಾಟುತ್ತದೆ. ಆದರೆ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ತೊಂದರೆ. ಮೊಬೈಲ್ ನೋಡುತ್ತ ನಡೆಯುವ ಮಗು ಮೆಟ್ಟಿಲನ್ನಾಗಲಿ ಮುಂದಿನವರ ಕಾಲನ್ನಾಗಲಿ ನೋಡುವುದಿಲ್ಲ. ಇನ್ನೇನು ಸರದಿ ಬಂತು ಎನ್ನುವಾಗ ನೀವು ಅದನ್ನು ಕಸಿದುಕೊಳ್ಳಲೇಬೇಕು, ಆಗ ಅಳು ಏಳುವುದು ಸರಿಯಾಗಿ ಆಟದ ಬಾಗಿಲಿನಲ್ಲೇ. ನೀರಿನ ಆಟಗಳ ಕಡೆ ಮೊಬೈಲ್ ಲಾಕರಿನಲ್ಲಿರುವುದರಿಂದ ಆ ಸಾಲುಗಳಲ್ಲಿ ನಿಮ್ಮ ಕೈ ಹೇಗೂ ಖಾಲಿ.

ಅದನ್ನು ನೋಡುವ ಪೆಟ್ಟಿಗೆಯಾಗಿ ಕೊಡದೆ ಕ್ಯಾಮೆರಾ ಆಗಿ ಕೊಟ್ಟು ನೋಡಿ. ಈ ಸಾಲಿಗೆ ಐದೇ ಫೋಟೊ, ಯಾವುದನ್ನು ತೆಗೆಯಬೇಕೆಂದು ಅವನೇ ಆರಿಸಬೇಕು. ಅವನ ಎತ್ತರದಿಂದ ತೆಗೆದ ಅಮ್ಮನ ಗಲ್ಲ, ಅಪ್ಪನ ಮಂಡಿ, ಅರ್ಧ ಕಂಬಿ ಇವೆಲ್ಲ ಬರುತ್ತವೆ, ಬರಲಿ. ಇಲ್ಲವೇ ಅವನೇ ಮಗುವಾಗಿದ್ದಾಗಿನ ಫೋಟೊಗಳನ್ನು ತೆಗೆದು 'ಇವನು ಯಾರು?' ಎಂದು ಕೇಳಿ, ತನ್ನ ಕಥೆಯನ್ನು ಕೇಳಿ ದಣಿದ ಮಗುವನ್ನು ನಾನು ಕಂಡಿಲ್ಲ. ವಿಡಿಯೊವನ್ನು ಕೊನೆಯ ಅಸ್ತ್ರವಾಗಿ ಜೇಬಿನಲ್ಲಿಡಿ, ಬಾಗಿಲಿಗೆ ಒಂದು ತಿರುವು ಇರುವಾಗಲೇ ವಾಪಸು ಕೊಡಬೇಕೆಂಬ ಮಾತನ್ನು ಕೊಡುವಾಗಲೇ ಹೇಳಿರಿ. ಇಷ್ಟಕ್ಕೆ ನಿಮ್ಮ ಶ್ರೀಮತಿಯವರೂ ಒಪ್ಪುತ್ತಾರೆಂದು ನನ್ನ ನಂಬಿಕೆ.

ಪ್ರಶ್ನೆ: ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಊರಿನಿಂದ ಅಪ್ಪ, ಅಮ್ಮ ಬಂದಿದ್ದಾರೆ. ಮುಂದಿನ ತಿಂಗಳು ಐದು ವರ್ಷದ ಮಗ ಮತ್ತು ಎರಡು ವರ್ಷದ ಮಗಳೊಂದಿಗೆ ಆರ್ಲ್ಯಾಂಡೊದ ಡಿಸ್ನಿ ವರ್ಲ್ಡಿಗೆ ಹೋಗುತ್ತಿದ್ದೇವೆ. ಅಲ್ಲಿನ ಸಾಲುಗಳ ಬಗ್ಗೆ ಕೇಳಿಯೇ ಭಯವಾಗಿದೆ.
— ಓದುಗರು, ನ್ಯೂಜೆರ್ಸಿ

ಉತ್ತರ: ಅಲ್ಲಿ ಸಾಲು ಉದ್ದ ನಿಜ, ಆದರೆ ಸಾಲನ್ನೂ ಆಟದ ಭಾಗವೆಂದೇ ತಿಳಿದು ಕಟ್ಟಿದ್ದಾರೆ. ಡಿಸ್ನಿ ವರ್ಲ್ಡಿನೊಳಗಿನ ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್ಮಿನ ಹಾರುವ ಆನೆ ಡಂಬೋ ಆಟವನ್ನು 2012ರಲ್ಲಿ ಹೊಸ ಜಾಗಕ್ಕೆ ತಂದಾಗ, ಸಾಲಿನ ನಡುವೆಯೇ ಡೇರೆಯಂಥ ಒಂದು ಆಟದ ಅಂಗಳ ಕಟ್ಟಿ, ತಂದೆ ತಾಯಿಯ ಕೈಗೆ ಒಂದು ಪೇಜರ್ ಕೊಟ್ಟು, ಸರದಿ ಬರುವ ತನಕ ಮಕ್ಕಳನ್ನು ಜಾರುಬಂಡೆಗಳಲ್ಲಿ ಆಡಲು ಬಿಟ್ಟರು. ನಮ್ಮ ಪಾರ್ಕುಗಳೂ ಇದೊಂದನ್ನು ಕಲಿತರೆ ಎಷ್ಟು ಚೆನ್ನ ಎಂದು ನನಗೆ ಬಹಳ ಸಲ ಅನಿಸಿದೆ. ಸೆವೆನ್ ಡ್ವಾರ್ಫ್ಸ್ ಗಣಿ ರೈಲಿನ ಸಾಲಿನಲ್ಲಿಯೂ ಮಕ್ಕಳು ರತ್ನಗಳನ್ನು ಆರಿಸಿ ಜೋಡಿಸುವ ಆಟವಿದೆ. ಆ ರೈಲಿಗೆ 38 ಇಂಚು, ಅಂದರೆ ಸುಮಾರು 97 ಸೆಂಟಿಮೀಟರ್ ಎತ್ತರ ಬೇಕು, ನಿಮ್ಮ ಮಗಳು ಅಷ್ಟಿರಲಾರಳು.

ಮೂರು ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಟಿಕೆಟ್ ಬೇಕಿಲ್ಲ. ಮನೆಯಿಂದ ತಿಂಡಿ ಒಯ್ಯಲು ಬಿಡುತ್ತಾರೆ, ಗಾಜಿನ ಪಾತ್ರೆ ಮಾತ್ರ ಬೇಡ. ಮಂಡಕ್ಕಿ, ಪಲ್ಯ ಸುತ್ತಿದ ಚಪಾತಿ ಸಾಲಿನಲ್ಲಿ ಬಹಳ ಕೆಲಸಕ್ಕೆ ಬರುತ್ತವೆ, ನಿಮ್ಮ ಅಪ್ಪ ಅಮ್ಮನವರಿಗೂ. ಹೋಗುವುದು ಬೇಸಿಗೆಯಾದರೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವುದು ಫ್ಲಾರಿಡಾದಲ್ಲಿ ಮಾಮೂಲು, ಆಗ ಬಯಲಿನ ಆಟಗಳನ್ನು ನಿಲ್ಲಿಸುತ್ತಾರೆ. ಸಾಲು ಏಕೆ ನಿಂತಿದೆ ಎಂದು ಮಗನಿಗೆ ಆಕಾಶ ತೋರಿಸಿ ಹೇಳಿ, ಕಾರಣ ತಿಳಿದರೆ ಐದು ವರ್ಷದವನು ಆಶ್ಚರ್ಯವಾಗುವಷ್ಟು ತಾಳ್ಮೆ ತೋರಿಸುತ್ತಾನೆ.

ಹಣ ಕೊಟ್ಟು ಸಾಲು ತಗ್ಗಿಸಿಕೊಳ್ಳುವ ಲೈಟ್ನಿಂಗ್ ಲೇನ್ ವ್ಯವಸ್ಥೆಗಿಂತ ನಿಮಗೆ ಮುಖ್ಯವಾದದ್ದು ಹಣವಿಲ್ಲದೆ ಸಿಗುವ ರೈಡರ್ ಸ್ವಿಚ್. ಎತ್ತರದ ಮಿತಿಯಿರುವ ಆಟಕ್ಕೆ ನಿಮ್ಮ ಯಜಮಾನರು ಮಗನನ್ನು ಕರೆದುಕೊಂಡು ಹೋದರೆ ನೀವು ಮಗಳೊಂದಿಗೆ ಹೊರಗಿರುತ್ತೀರಿ, ಅವರು ಬಂದ ಮೇಲೆ ನೀವು ಮತ್ತೆ ಮಾಮೂಲಿ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗಬಹುದು. ಒಂದೇ ಎಚ್ಚರ: ಇದನ್ನು ಕೇಳಬೇಕಾದದ್ದು ಆಟದ ಹೆಬ್ಬಾಗಿಲಲ್ಲಿ ನಿಂತ ಸಿಬ್ಬಂದಿಯನ್ನು, ಸಾಲಿಗೆ ಸೇರುವ ಮೊದಲು, ಇಡೀ ಮನೆಯವರು ಒಟ್ಟಿಗಿದ್ದಾಗಲೇ.