ರಿಸೆಟ್ ಒತ್ತಬೇಡಿ ಅಕ್ಕ, ಮೊದಲು ಮಹಡಿಯ ಹಳೇ ರೌಟರ್ ಆಫ್ ಮಾಡಿ

ಅಕ್ಕ, ನೀವು ಬರೆದದ್ದು ಓದಿದೆ. ಮೊನ್ನೆ ಗುಡುಗು ಮಳೆಗೆ ಕರೆಂಟು ಹೋಗಿ ಬಂದ ಮೇಲೆ ಕೆಳಗೆ ಟಿವಿಯಲ್ಲಿ ಯೂಟ್ಯೂಬ್ ಬರುತ್ತದೆ, ಮಹಡಿಯಲ್ಲಿ ಮೊಬೈಲಿಗೆ ‘ಕನೆಕ್ಟೆಡ್, ಇಂಟರ್ನೆಟ್ ಇಲ್ಲ’ ಅಂತ ತೋರಿಸುತ್ತದೆ, ಮಲ್ಲಿಗೆ ಗಿಡದ ಕಡೆಯ ಕ್ಯಾಮರಾ ಪೂರ್ತಿ ಬಂದ್. ಕೆಳಗಿನ ರೌಟರಿನ ಹಿಂದಿನ ತೂತಿಗೆ ಪಿನ್ ಹಾಕಿ ರಿಸೆಟ್ ಮಾಡಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ! ಅದು ಆಫ್ ಮಾಡಿ ಆನ್ ಮಾಡುವುದಲ್ಲ. ಲೈನ್ ಹಾಕಿದ ಹುಡುಗ ಒಳಗೆ ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿ ಹೋಗಬಹುದು. ಆಮೇಲೆ ಈಗ ನಡೆಯುತ್ತಿರುವ ಟಿವಿಯೂ ನಿಲ್ಲುತ್ತದೆ. ಈ ಮಳೆಯಲ್ಲಿ ಅವನು ಯಾವಾಗ ಬರುತ್ತಾನೋ ಯಾರಿಗೆ ಗೊತ್ತು.

ಟಿವಿ ನಡೆಯುತ್ತದೆ ಅಂದರೆ ಹೊರಗಿನಿಂದ ಬರುವ ಲೈನ್ ಸರಿ ಉಂಟು. ತೊಂದರೆ ಮನೆಯ ಒಳಗೇ. ನೀವು ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಲ್ಲ, ‘ಮೇಲೆ ಹಳೇ ರೌಟರಿಗೆ ಕೇಬಲ್ ಎಳೆದು ಇಟ್ಟಿದ್ದೇವೆ’ ಅಂತ, ನನಗೆ ಸಂಶಯ ಅದರ ಮೇಲೆಯೇ.

ವೈಫೈಗೆ ಸೇರುವ ಪ್ರತಿ ಮೊಬೈಲಿಗೂ ರೌಟರ್ ಒಂದು ನಂಬರ್ ಕೊಡುತ್ತದೆ, ಐಪಿ ಅಡ್ರೆಸ್. ಕೊಡುವ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಮನೆಯಲ್ಲಿ ಈ ಕೆಲಸ ಒಬ್ಬನೇ ಮಾಡಬೇಕು. ಹಳೇ ರೌಟರಿನಲ್ಲೂ ಅದು ಆನ್ ಇದ್ದರೆ, ಸೊಸೈಟಿಯಲ್ಲಿ ಇಬ್ಬರು ಕೂತು ಒಂದೇ ನಂಬರಿನ ಟೋಕನ್ ಹಂಚಿದ ಹಾಗೆ ಆಗುತ್ತದೆ. ಅದರ ಮೇಲೆ ಎರಡರ ಅಡ್ರೆಸ್ಸೂ 192.168.1.1 ಆಗಿದ್ದರೆ ಮೊಬೈಲು ಇಂಟರ್ನೆಟ್ಟಿಗೆ ಯಾರನ್ನು ಕೇಳಬೇಕು ಅಂತಲೇ ತಿಳಿಯದೆ ಒದ್ದಾಡುತ್ತದೆ. ಇಷ್ಟು ದಿನ ಹೇಗೆ ನಡೆಯಿತು ಅಂದರೆ, ಮೊದಲು ಯಾರು ನಂಬರ್ ಕೊಟ್ಟರೋ ಅದರಲ್ಲೇ ಸಾಗುತ್ತಿತ್ತು. ಕರೆಂಟು ಹೋಗಿ ಬಂದಾಗ ಎರಡೂ ಹೊಸದಾಗಿ ಹಂಚಲು ಶುರು ಮಾಡುತ್ತವೆ. ಅಲ್ಲಿಗೆ ಗಲಾಟೆ.

ಪರೀಕ್ಷೆ ಸುಲಭ. ಹಳೇ ರೌಟರಿನ ಪ್ಲಗ್ ಕಿತ್ತಿಡಿ. ಕೆಳಗಿನದ್ದನ್ನು ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ, ದೀಪಗಳು ನಿಲ್ಲುವವರೆಗೆ ಕಾಯಿರಿ. ಮೊಬೈಲಿನಲ್ಲಿ ಆ ವೈಫೈಯನ್ನು ‘ಫರ್ಗೆಟ್’ ಮಾಡಿ, ಚಾವಡಿಯಲ್ಲಿ ನಿಂತು ಮತ್ತೆ ಸೇರಿಸಿ. ಎಲ್ಲ ಮೊಬೈಲೂ ಸರಿಯಾದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ.

ಹಳೇ ರೌಟರ್ ಬಿಸಾಡಬೇಕಾಗಿಲ್ಲ. ಕೆಳಗಿನಿಂದ ಬಂದ ಕೇಬಲ್ ಕಳಚಿ, ಲ್ಯಾಪ್‌ಟಾಪನ್ನು ಅದಕ್ಕೆ ಮಾತ್ರ ಜೋಡಿಸಿ. ಕೇಬಲ್ ಕಳಚದಿದ್ದರೆ ಬ್ರೌಸರಿನಲ್ಲಿ ಅಡ್ರೆಸ್ ಹಾಕಿದಾಗ ಯಾವ ರೌಟರಿನ ಸೆಟ್ಟಿಂಗ್ ಪುಟ ತೆರೆದಿದೆ ಅಂತ ಗೊತ್ತಾಗುವುದಿಲ್ಲ. ಮೊದಲು ಅದರ ಅಡ್ರೆಸ್ 192.168.1.2 ಮಾಡಿ ಸೇವ್ ಮಾಡಿ. ಅದೇ ಅಡ್ರೆಸ್ಸಿನಲ್ಲಿ ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ಕೆಳಗಿನ ರೌಟರ್ ಹಂಚುವ ಅಡ್ರೆಸ್ಸಿನ ಕೊನೆಯ ನಂಬರ್ 2ರಿಂದಲೇ ಶುರುವಾಗುತ್ತಿದ್ದರೆ ಅಲ್ಲಿ 10ರಿಂದ ಶುರು ಮಾಡಿಸಿ. ಕೊನೆಗೆ ಕೇಬಲ್ ಚುಚ್ಚುವಾಗ ಬೇರೆ ಬಣ್ಣದ ವ್ಯಾನ್ ತೂತಿಗೆ ಬೇಡ, ಸಾಲಾಗಿ ಇರುವ ಲ್ಯಾನ್ ತೂತುಗಳಲ್ಲಿ ಒಂದಕ್ಕೆ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ.

ಕ್ಯಾಮರಾ ಇಷ್ಟರಲ್ಲೇ ಬರಬಹುದು. ಬರದಿದ್ದರೆ ನೆನಪಿಡಿ, ಕಡಿಮೆ ಬೆಲೆಯ ಕ್ಯಾಮರಾ, ಪಂಪಿನ ವೈಫೈ ಸ್ವಿಚ್ಚುಗಳು ವೈಫೈಯ ಎರಡು ಬಗೆಯ ಅಲೆಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) ಹೆಚ್ಚಾಗಿ 2.4 ಮಾತ್ರ ಹಿಡಿಯುತ್ತವೆ. 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇದ್ದರೆ ಬೇರೆ ಬೇರೆ ಹೆಸರು ಕೊಡಿ, ಸೆಕ್ಯುರಿಟಿಯಲ್ಲಿ ಡಬ್ಲ್ಯುಪಿಎ3 ಮಾತ್ರ ಅಂತ ಇದ್ದರೆ ಡಬ್ಲ್ಯುಪಿಎ2 ಇಡಿ. 2.4ರ ಚಾನೆಲ್ 1, 6, 11 ಈ ಮೂರರಲ್ಲಿ ಒಂದು ಇರಲಿ. ಇನ್ನೊಂದು, ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆ ದಾಟಲು 5 ಗಿಗಾಹರ್ಟ್ಸಿಗೆ ತುಂಬಾ ಕಷ್ಟ. ಆಟಿ ತಿಂಗಳ ಜಡಿಮಳೆಗೆ ಗೋಡೆ ನೀರು ಕುಡಿದು ನಿಂತರೆ ಕೇಳುವುದೇ ಬೇಡ. ರೌಟರನ್ನು ಕಬ್ಬಿಣದ ಕಪಾಟಿನ ಹಿಂದೆ ತುರುಕಿದ್ದರೆ ಮೊದಲು ಈಚೆ ತನ್ನಿ.

ಶಂಕರಪುರದ ಕಡೆಯವರು ಇನ್ನೊಬ್ಬರು ಕೆಳಗೆ ಕೇಳಿದ್ದಾರೆ, ಎಲ್‌ಓಎಸ್ ಅನ್ನುವ ಕೆಂಪು ದೀಪ ಮಿನುಗುತ್ತದೆ ಅಂತ. ಅಣ್ಣ, ನಿಮ್ಮದು ಬೇರೆ ಕಥೆ. ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಎಲ್ಲಾದರೂ ತೆಂಗಿನ ಮಡಲು ಬಿದ್ದು ಕೇಬಲ್ ಎಳೆದಿದೆಯಾ, ಕಿಟಕಿ ಸಂದಿನಲ್ಲಿ ಮಡಚಿದೆಯಾ ನೋಡಿ. ರೌಟರಿನ ಅಡಿಯ ಹಸಿರು ಪಿನ್ ಸಡಿಲ ಇದ್ದರೆ ಟಕ್ ಅನ್ನುವವರೆಗೆ ಒತ್ತಿ. ಅದನ್ನು ಕಳಚಿ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಬೇಡಿ, ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಅಂಗಿಯಲ್ಲಿ ಒರೆಸುವುದೂ ಬೇಡ. ಇಷ್ಟಕ್ಕೆ ಆಗದಿದ್ದರೆ ಕಂಪ್ಲೇಂಟ್ ಕೊಡಿ, ನೀವು ಬೇರೇನೂ ಮಾಡುವ ಹಾಗಿಲ್ಲ.

ಸಿಡಿಲಿನ ವಿಷಯ. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಪ್ಲಗ್ ಮೂಲಕ, ತೋಟದ ಕ್ಯಾಮರಾಕ್ಕೆ ತಾಮ್ರದ ಕೇಬಲ್ ಎಳೆದಿದ್ದರೆ ಅದರ ಮೂಲಕವೂ ಸಿಡಿಲಿನ ಕರೆಂಟು ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಗುಡುಗು ದೂರ ಇರುವಾಗಲೇ ಎರಡನ್ನೂ ಕಿತ್ತಿಡಿ. ತಲೆಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ. ಸಿಡಿಲಿನ ನಂತರ ರೌಟರ್ ತಾನೇ ಆಫ್ ಆಗಿ ಆನ್ ಆಗುತ್ತಿದ್ದರೆ, ನಾಲ್ಕು ಜನ ಸೇರಿದ ಕೂಡಲೇ ಬಿದ್ದು ಹೋಗುತ್ತಿದ್ದರೆ, ಅಡಾಪ್ಟರ್ ಮೇಲೆ ಸಂಶಯ ಪಡಿ. ಹೊಸದು ತರುವಾಗ ಹಳೆಯದನ್ನು ಅಂಗಡಿಗೆ ಹಿಡಿದುಕೊಂಡು ಹೋಗಿ. ಹಳೆಯದರಲ್ಲಿ 12 ವೋಲ್ಟ್ ಅಂತ ಇದ್ದರೆ 12 ವೋಲ್ಟೇ ಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ.

ಅಕ್ಕ, ಹಳೇ ರೌಟರ್ ಕಿತ್ತ ಮೇಲೂ ಮೊಬೈಲು ಸೇರದಿದ್ದರೆ ಎರಡು ಫೋಟೋ ಹಾಕಿ. ಒಂದು ಕೆಳಗಿನ ರೌಟರಿನ ದೀಪಗಳದ್ದು, ಇನ್ನೊಂದು ಮೊಬೈಲಿನ ವೈಫೈ ವಿವರದಲ್ಲಿ ಐಪಿ ಅಡ್ರೆಸ್ ಬರುವ ಪುಟದ್ದು. ರೌಟರಿನ ಸ್ಟಿಕ್ಕರಿನಲ್ಲಿ ಪಾಸ್‌ವರ್ಡ್ ಇರುತ್ತದೆ, ಅದರ ಮೇಲೆ ಬೆರಳು ಇಟ್ಟು ತೆಗೆಯಿರಿ.