ಕಿಡ್ನಿ ರಕ್ತವನ್ನು ಸೋಸುವಾಗ ಪ್ರೋಟೀನ್ ಏಕೆ ಮೂತ್ರಕ್ಕೆ ಸೋರುವುದಿಲ್ಲ?

ಸೋಸುವ ಗೋಡೆ ಗಾತ್ರವನ್ನಷ್ಟೇ ಅಲ್ಲ, ವಿದ್ಯುದಾವೇಶವನ್ನೂ ನೋಡಿ ತಡೆಯುತ್ತದೆ. ಪ್ರತಿ ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳು; ಪ್ರತಿಯೊಂದರ ಆರಂಭದಲ್ಲಿ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗೊಂಚಲು. ಅದರ ಗೋಡೆಗೆ ಮೂರು ಪದರ: ರಂಧ್ರಗಳಿರುವ ಒಳಪದರ, ನಡುವೆ ತೆಳುಪೊರೆ, ಹೊರಗೆ ಬೆರಳಿಗೆ ಬೆರಳು ಹೆಣೆದಂತೆ ಕೂತ ಪೋಡೊಸೈಟ್ ಕೋಶಗಳು. ನೀರು, ಲವಣ, ಗ್ಲೂಕೋಸ್, ಯೂರಿಯಾ ಸಲೀಸಾಗಿ ದಾಟುತ್ತವೆ. ಆಲ್ಬುಮಿನ್ ಪ್ರೋಟೀನ್ ದೊಡ್ಡದು, ಮೇಲಾಗಿ ಋಣಾವೇಶದ್ದು. ಗೋಡೆಯೂ ಋಣಾವೇಶದ್ದೇ ಆದ್ದರಿಂದ ಅದನ್ನು ವಿಕರ್ಷಿಸುತ್ತದೆ. ನುಸುಳಿದ ಅಲ್ಪಸ್ವಲ್ಪವನ್ನು ಮುಂದಿನ ನಾಳ ಹೀರಿಕೊಳ್ಳುತ್ತದೆ.

ಮಧುಮೇಹದಲ್ಲಿ ಪೋಡೊಸೈಟ್‌ಗಳು ಹಾಳಾದರೆ ಆಲ್ಬುಮಿನ್ ಸೋರತೊಡಗುತ್ತದೆ. ಮೂತ್ರದಲ್ಲಿ ನೊರೆ ಕಾಣುವವರೆಗೆ ಕಾಯಬಾರದು, ಅದು ತಡವಾಗಿ ಬರುವ ಲಕ್ಷಣ. ಮೂತ್ರಪರೀಕ್ಷೆಯಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ತ್ಯಾಜ್ಯ) 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಬುಮಿನ್ ಪದೇಪದೇ ಕಂಡರೆ ಗೋಡೆಗೆ ಹಾನಿಯಾಗಿರುವ ಸಾಧ್ಯತೆ ಹೆಚ್ಚು.