ಖಾಲಿ ಕಡಲು ಯಾರಿಗೆ ಚೆಂದ?

ಬೆಂಗಳೂರಿನ ವಿಜಯನಗರದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗ ಇಲ್ಲ, ಸಾರ ಇಷ್ಟು. ಅವರ ತವರು ಮರವಂತೆ ಹತ್ತಿರ. ಚಿಕ್ಕಂದಿನ ಬೇಸಿಗೆ ರಜೆ ಅಂದರೆ ಅಜ್ಜಿಮನೆ, ಗೇರುಹಣ್ಣು, ಕಡಲು. ಕೊರೊನಾ ಕಾಲದಲ್ಲಿ, 2020ರ ಕೊನೆಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕಿದಾಗ ಗಂಡ, ಮಕ್ಕಳ ಜೊತೆ ಊರಿಗೆ ಬಂದು ಕೆಲವು ತಿಂಗಳು ಇದ್ದರಂತೆ. "ಅಷ್ಟು ಚೆಂದದ ಕಡಲನ್ನು ನಾನು ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಒಂದು ನರಪಿಳ್ಳೆ ಇರುತ್ತಿರಲಿಲ್ಲ" ಎನ್ನುತ್ತಾರೆ. ಈಗ ಹೋದರೆ ಕಾರು ನಿಲ್ಲಿಸಲು ಜಾಗ ಇಲ್ಲ, ಎಲ್ಲಿ ನೋಡಿದರೂ ರೀಲ್ಸ್, ಚಿಪ್ಸ್ ಪ್ಯಾಕೆಟ್. ಹಾಗಾಗಿ ಪ್ರತಿ ಬೇಸಿಗೆಯಲ್ಲಿ ಹದಿನೈದು ದಿನ ಬೀಚ್‌ಗಳನ್ನೆಲ್ಲ ಬಂದ್ ಮಾಡಿ, ಕಡಲಿಗೂ ರಜೆ ಕೊಡಬೇಕು, ನಮ್ಮ ಪತ್ರಿಕೆ ಅದಕ್ಕೊಂದು ಅಭಿಯಾನ ಮಾಡಬೇಕು ಎಂಬುದು ಅವರ ಬೇಡಿಕೆ. ಕೊನೆಯಲ್ಲಿ, ಈ ಮೇ ತಿಂಗಳಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದೂ ಕೇಳಿದ್ದಾರೆ.

ಅಮ್ಮಾ, ಪತ್ರ ಚೆನ್ನಾಗಿದೆ. ಗೇರುಹಣ್ಣಿನ ರಸ ಬಿದ್ದು ಫ್ರಾಕಿಗೆ ಆದ ಕಲೆ, ಅದನ್ನು ಅಜ್ಜಿ ಮೂರು ಸಲ ಒಗೆದು ಕೊನೆಗೆ ಒಲೆಯ ಮಸಿಬಟ್ಟೆ ಮಾಡಿದ್ದು, ಆ ಭಾಗವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿಸಿದೆ. ನೀವು ಯಾಕೆ ಜಾಸ್ತಿ ಬರೆಯುವುದಿಲ್ಲ?

ನಿಮ್ಮ ದೂರಿನಲ್ಲಿ ಸತ್ಯ ಇದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಅಂಥ ರಸ್ತೆಯಲ್ಲಿ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ಹಾಡು ಹಾಕುವವರಿಗೆ, ಬಾಟಲಿ ಒಡೆದು ಹೋಗುವವರಿಗೆ, ಬೇಡ ಅಂದರೂ ಕುಡಿದು ನೀರಿಗಿಳಿಯುವವರಿಗೆ ದಂಡ ಹಾಕಲಿ. ಜಾಸ್ತಿಯೇ ಹಾಕಲಿ. ಅಲ್ಲಿಗೆ ನಿಮ್ಮನ್ನು ಒಪ್ಪುವ ಭಾಗ ಮುಗಿಯಿತು.

ಕಡಲಿಗೆ ರಜೆ ಇದೆ ಮಾರಾಯ್ರೆ, ನೀವು ಕೇಳುವ ಮೊದಲೇ ಇದೆ. ಮಳೆಗಾಲ ಬಂತೆಂದರೆ ಮಲ್ಪೆ ಬೀಚಿಗೆ ಉದ್ದಕ್ಕೂ ಬಲೆ ಕಟ್ಟಿ ಜನ ಇಳಿಯದಂತೆ ಮಾಡುತ್ತಾರೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಬಿರುಸಿನ ಕಡಲು, ಎರಡಕ್ಕೂ ಅದು ಸರಿಯೇ. ಆದರೆ 2020ರಲ್ಲಿ ಏನಾಯಿತು ಗೊತ್ತಾ? ಕೇಂದ್ರ ಸರಕಾರ ಆ ರಜೆಯನ್ನು 47 ದಿನಕ್ಕೆ ಇಳಿಸಿತು, ಜೂನ್ 15ರಿಂದ ಶುರು ಮಾಡಿ ಅಂತ. ಯಾಕೆಂದರೆ ಮಾರ್ಚ್ ಕೊನೆಯಿಂದ ಲಾಕ್‌ಡೌನ್‌ನಲ್ಲಿ ಬೋಟುಗಳು ದಡದಲ್ಲೇ ನಿಂತಿದ್ದವು. ಮಳೆಗಾಲಕ್ಕೆ ನಾಲ್ಕು ಕಾಸು ಕೂಡಿಸಿಡುವ ತಿಂಗಳುಗಳೇ ಕೈತಪ್ಪಿದ್ದವು. ನಿಮಗೆ ಅಷ್ಟು ಹಿಡಿಸಿದ ಆ ಖಾಲಿ ಕಡಲಿನಿಂದ ಮೀನುಗಾರರಿಗೆ ನಷ್ಟವಾಗಿದೆ ಅಂತ ದೆಹಲಿಯಲ್ಲಿ ಕೂತವರಿಗೂ ಗೊತ್ತಾಗಿತ್ತು.

ಏಪ್ರಿಲ್‌ನಲ್ಲಿ ಮೀನುಗಾರಿಕೆಗೆ ಲಾಕ್‌ಡೌನ್‌ನಿಂದ ವಿನಾಯಿತಿ ಸಿಕ್ಕಿತು, ನಿಜ. ಆದರೆ ಬೋಟು ತಾನಾಗಿ ಕಡಲಿಗೆ ಹೋಗುತ್ತದಾ? ಮಲ್ಪೆಯ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ಆಂಧ್ರ, ಒಡಿಶಾ, ತಮಿಳುನಾಡಿನವರು ಎಷ್ಟೋ ಜನ. ಕೆಲವರು ಊರಿಗೆ ಹೋಗಿಯಾಗಿತ್ತು, ಹೋಗದವರು ಹೋಗುವ ದಾರಿ ಹುಡುಕುತ್ತಿದ್ದರು. ಐಸ್ ಬೇಕು, ಲಾರಿ ಬೇಕು, ಮೀನು ಕೊಳ್ಳುವವರು ಬೇಕು. ನಾಡದೋಣಿಯವರು ಒಂದಿಷ್ಟು ಬಂಗುಡೆ, ಬೂತಾಯಿ ತಂದರೂ ಅದನ್ನು ಹೊತ್ತು ಮನೆಮನೆಗೆ ಹೋಗುವ ಹೆಂಗಸರಿಗೆ ಬಸ್ಸಿಲ್ಲ. ಬುಟ್ಟಿ ಹೊತ್ತು ಬಿಸಿಲಲ್ಲಿ ನಡೆದು ಹೋದರೆ ಗೇಟಿನ ಹತ್ತಿರವೇ ನಿಲ್ಲಿಸಿ "ಬೇಡ, ಮುಂದೆ ಹೋಗು" ಅನ್ನುತ್ತಿದ್ದರು. ಹಾಗೆ ಅಂದವರ ಪೈಕಿ ಹದಿನೈದು ವರ್ಷದಿಂದ ಅವಳ ಹತ್ತಿರವೇ ಮೀನು ತೆಗೆದುಕೊಳ್ಳುತ್ತಿದ್ದವರೂ ಇದ್ದರು.

ಮರವಂತೆ ಪಕ್ಕದ ತ್ರಾಸಿ ಹತ್ತಿರ ನನಗೆ ಗೊತ್ತಿರುವ ಒಂದು ಗೂಡಂಗಡಿ ಇದೆ. ಚರುಮುರಿ, ಆಮ್ಲೆಟ್, ಸೋಡಾ, ಶರಬತ್ತು. ನಡೆಸುವ ದಂಪತಿ 2020ರ ಮಾರ್ಚ್ ಮೊದಲ ವಾರದಲ್ಲಿ ಸೊಸೈಟಿ ಸಾಲ ತೆಗೆದು ಬೇಸಿಗೆಗೆ ಅಂತ ಸಾಮಾನು ತುಂಬಿಸಿದ್ದರು. ಬಂದ್ ಆಯಿತು. ಅಂಗಡಿಗೆ ನೀಲಿ ಟರ್ಪಾಲು ಬಿಗಿದು ಮನೆಗೆ ಹೋದರು. ಮಧ್ಯೆ ಒಂದು ದಿನ ಕದ್ದು ಬಂದು ತೆಗೆದು ನೋಡಿದರೆ ಕಡಲ ಗಾಳಿಗೆ ಭರಣಿಯಲ್ಲಿದ್ದ ನೆಲಗಡಲೆ ಚಿಕ್ಕಿ ಕರಗಿ ಒಂದೇ ಮುದ್ದೆಯಾಗಿತ್ತು, ಮಂಡಕ್ಕಿ ಚೀಲ ತೇವ ಹಿಡಿದಿತ್ತು, ಗ್ಯಾಸ್ ಸ್ಟವ್‌ನ ಬರ್ನರ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಅವರು ಚಿಕ್ಕಿ ಮುದ್ದೆಯನ್ನು ಕಲ್ಲಲ್ಲಿ ಒಡೆದು ಅಕ್ಕಪಕ್ಕದ ಮಕ್ಕಳಿಗೆ ಕೊಟ್ಟರಂತೆ. ಸಾಲದ ಕಂತು ಕೆಲವು ತಿಂಗಳು ಮುಂದೆ ಹೋಯಿತು, ಬಡ್ಡಿ ಮುಂದೆ ಹೋಗಲಿಲ್ಲ. 2021ರಲ್ಲಿ ಧೈರ್ಯ ಮಾಡಿ ಮತ್ತೆ ಸಾಮಾನು ಹಾಕಿದರೆ ಏಪ್ರಿಲ್ 27ರಿಂದ ಇನ್ನೊಂದು ಬಂದ್. ಅದು ಸಾಲದು ಅಂತ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ. ನೀವು ದೂರುವ ಆ ಚಿಪ್ಸ್ ಪ್ಯಾಕೆಟ್ಟನ್ನು ಬಹುಶಃ ಅವರೇ ಮಾರಿರುತ್ತಾರೆ. ಈ ಸಲ ಹೋದಾಗ ಅವರ ಹತ್ತಿರ ಹದಿನೈದು ದಿನ ಬಂದ್ ಮಾಡುವ ವಿಷಯ ಒಮ್ಮೆ ಹೇಳಿ ನೋಡಿ.

ಇನ್ನು ಬೇಸಿಗೆ ರಜೆಯ ಮಾತು. ನಿಮ್ಮ ಪತ್ರದಲ್ಲಿ ಅಜ್ಜಿ ಇದ್ದಾರೆ, ಕಡಲು ಇದೆ, ಗೇರುಗುಡ್ಡೆ ಇದೆ. ಮುಂಬೈಯವರು ಎಲ್ಲಿ? ಕುಂದಾಪುರದ ಕಡೆಯ ರಜೆಯ ನೆನಪು ಮುಂಬೈ ನೆಂಟರಿಲ್ಲದೆ ಆಗುವುದು ಹೇಗೆ? ಮೇ ಬಂತೆಂದರೆ ಬೆಳಗಿನ ಜಾವ ಮುಂಬೈ ಬಸ್ಸು ಹೆದ್ದಾರಿಯಲ್ಲಿ ನಿಲ್ಲುತ್ತಿತ್ತು. ಟಾಪಿನಿಂದ ಹೋಲ್ಡಾಲು, ಟ್ರಂಕು, ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ ಇಳಿಯುತ್ತಿದ್ದವು. ಆ ಪೆಟ್ಟಿಗೆಯಲ್ಲಿ ಮಾಹಿಮ್ ಹಲ್ವಾ, ಒಂದೊಂದು ಪದರಕ್ಕೂ ನಡುವೆ ಕಾಗದ ಇಟ್ಟದ್ದು. ಕಾಗದ ನೆಕ್ಕುವುದಕ್ಕೆ ಸರತಿ. ತಿಂಗಳ ಕೊನೆಗೆ ಅದೇ ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳ, ಮಾವಿನಮಿಡಿ, ಕುಚ್ಚಲಕ್ಕಿ, ಒಣಮೀನು ತಿರುಗಿ ಹೋಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ, ಮುಂಬೈ-ಮಂಗಳೂರು ರೈಲು ಮತ್ಸ್ಯಗಂಧ ಓಡಲು ಶುರುವಾದ ಮೇಲೆ ಪ್ರಯಾಣ ಸಲೀಸಾಯಿತು, ಟಿಕೆಟ್ ಸಿಗುವುದು ಕಷ್ಟವಾಯಿತು. 2020ರ ಹೊತ್ತಿಗೆ 120 ದಿನ ಮೊದಲೇ ಬುಕಿಂಗ್ ತೆರೆಯುತ್ತಿತ್ತು. 2020ರ ಮೇ ತಿಂಗಳಿಗೆ ಜನವರಿಯಲ್ಲೇ ಟಿಕೆಟ್ ಮಾಡಿಸಿಟ್ಟ ಮನೆಗಳು ಎಷ್ಟಿದ್ದವೋ. ಮಾರ್ಚ್‌ನಲ್ಲಿ ರೈಲು ನಿಂತಿತು. ಮುಂಬೈಯ ಹೋಟೆಲು, ಕ್ಯಾಂಟೀನುಗಳೂ ಮುಚ್ಚಿದವು. ಅಲ್ಲಿ ಕೆಲಸಕ್ಕಿದ್ದು ಅಲ್ಲೇ ಉಂಡು ಅಲ್ಲೇ ಮಲಗುವ ನಮ್ಮ ಹುಡುಗರಿಗೆ ಕೆಲಸ, ಊಟ, ಮಲಗುವ ಜಾಗ ಮೂರೂ ಒಂದೇ ದಿನ ಹೋದವು.

ಕೊನೆಗೆ ಮೇ ತಿಂಗಳಲ್ಲಿ ಪಾಸು ಹಿಡಿದುಕೊಂಡು ಅವರೆಲ್ಲ ಬಂದರು. ಪ್ರತಿ ವರ್ಷ ಯಾವ ತಿಂಗಳಲ್ಲಿ ಬರುತ್ತಿದ್ದರೋ ಅದೇ ತಿಂಗಳು, ಅದೇ ಜನ. ಈ ಸಲ ಊರು ಎದುರುಗೊಂಡ ಬಗೆ ಬೇರೆ. ಮೇ ಮಧ್ಯದವರೆಗೆ ಉಡುಪಿ ಜಿಲ್ಲೆಯಲ್ಲಿ ಬೆರಳೆಣಿಕೆಯ ಪ್ರಕರಣ ಇತ್ತು. ಇವರು ಬಂದ ಮೇಲೆ ಜೂನ್ ಶುರುವಿಗೆ ರಾಜ್ಯದಲ್ಲೇ ಉಡುಪಿ ಮೊದಲ ಸ್ಥಾನಕ್ಕೆ ಹೋಯಿತು. ಹೆದರಿಕೆ ಸುಳ್ಳಲ್ಲ. ಆದರೆ ಮಹಾರಾಷ್ಟ್ರದಿಂದ ಬರುವವರಿಗೆ ಮೇ 31ರವರೆಗೆ ಪ್ರವೇಶ ಇಲ್ಲ ಅಂತ ರಾಜ್ಯ ಸರಕಾರ ಹೇಳಿದ ದಿನ ನಮ್ಮ ಕೆಲವು ವಾಟ್ಸಾಪ್ ಗ್ರೂಪುಗಳಲ್ಲಿ ಚಪ್ಪಾಳೆ ಬಿತ್ತಲ್ಲ, ಅದು ನನಗೆ ಇವತ್ತಿಗೂ ಅರಗಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬೈ ಸಮಿತಿ ಬೇಕು, ಶಾಲೆಯ ರಂಗಮಂದಿರಕ್ಕೆ ಮುಂಬೈ ದುಡ್ಡು ಬೇಕು, ಕಲ್ಲಲ್ಲಿ ಅವರ ಹೆಸರು ಕೆತ್ತಿಸುತ್ತೇವೆ. ಅದೇ ಶಾಲೆಯಲ್ಲಿ ಅವರನ್ನು ಕ್ವಾರಂಟೈನ್ ಇಡಬೇಡಿ ಅಂತ ಪಂಚಾಯತಿಗೆ ಸಹಿ ಹಾಕಿ ಕೊಡುತ್ತೇವೆ.

ನನಗೆ ಪರಿಚಯದ ಒಬ್ಬರು ಹಾಗೆ ಬಂದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಾವನ ಹಿಂದೆ ಮುಂಬೈ ಹೋಟೆಲು ಸೇರಿ, ಹಗಲು ಟೇಬಲ್ ಒರೆಸಿ, ರಾತ್ರಿ ಅಲ್ಲಿನ ಕನ್ನಡ ರಾತ್ರಿಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದವರು. (ಆ ರಾತ್ರಿಶಾಲೆಗಳ ಬಗ್ಗೆ ಒಂದು ವಿಶೇಷ ಸಂಚಿಕೆ ಮಾಡಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ, ಜಾಹೀರಾತು ವಿಭಾಗದವರು ನಗುತ್ತಾರೆ.) 2020ರಲ್ಲಿ ಅವರನ್ನು ಇಟ್ಟದ್ದು ತಾನು ಬಿಟ್ಟುಹೋದ ಏಳನೇ ಕ್ಲಾಸಿನ ಕೋಣೆಯಲ್ಲೇ. ಎರಡು ಬೆಂಚು ಜೋಡಿಸಿ, ಕರಿಹಲಗೆಯ ಕೆಳಗೆ ಹಾಸಿಗೆ. ಮನೆ ಕೂಗಳತೆಯಲ್ಲಿತ್ತು. ತಾಯಿ ದಿನಾ ಗಂಜಿ, ಉಪ್ಪಿನಕಾಯಿ ತಂದು ಕಂಪೌಂಡಿನ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುವುದು, ಆಶಾ ಕಾರ್ಯಕರ್ತೆ ಅದನ್ನು ತೆಗೆದುಕೊಂಡು ಹೋಗಿ ಕೊಡುವುದು. "ಎಂತ ಬೇಕು, ನಾಳೆ ಎಂತ ತರ್ಲಿ?" ಅಂತ ತಾಯಿ ರಸ್ತೆಯಿಂದಲೇ ಕೂಗುತ್ತಿದ್ದರಂತೆ. ಆ ಆಶಾ ಕಾರ್ಯಕರ್ತೆಯರೇ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಕೊಡಿ ಅಂತ ರಾಜ್ಯದಲ್ಲೆಲ್ಲ ಮುಷ್ಕರ ಮಾಡಬೇಕಾಯಿತು. ಮೊದಲು ಅವರಿಗೆ ಹೂ ಹಾಕಿ ಫೋಟೊ ತೆಗೆಸಿಕೊಂಡವರು ಆಗ ಎಲ್ಲಿದ್ದರೋ.

ನಿಮ್ಮ ಅದೃಷ್ಟ, ನೀವು ಬರುವಾಗ ಇದೆಲ್ಲ ಮುಗಿದಿತ್ತು. ಲ್ಯಾಪ್‌ಟಾಪ್ ಜೊತೆ ಬಂದಿರಿ, ಸಂಬಳ ತಿಂಗಳ ಕೊನೆಗೆ ಬಂತು. ತಪ್ಪು ಅನ್ನುತ್ತಿಲ್ಲ. ಸಂಜೆ ಕೆಲಸ ಮುಗಿಸಿ ನಿರ್ಜನ ದಂಡೆಯಲ್ಲಿ ನಡೆಯುವುದಕ್ಕೆ ಪುಣ್ಯ ಬೇಕು. ಸುಮ್ನೆ ಅದನ್ನು ಊರಿಗೆಲ್ಲ ನಿಯಮ ಮಾಡಬೇಡಿ ಅಷ್ಟೇ.

ಖಾಲಿಯಾದದ್ದು ಕಡಲು ಮಾತ್ರವೂ ಅಲ್ಲ. ಯಕ್ಷಗಾನ ಮೇಳಗಳು 2020ರ ಮಾರ್ಚ್‌ನಲ್ಲಿ ಅರ್ಧ ತಿರುಗಾಟದಲ್ಲೇ ಗೆಜ್ಜೆ ಬಿಚ್ಚಿದವು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಇನ್ನೂ ಎರಡು ತಿಂಗಳ ಆಟ ಬಾಕಿ ಇತ್ತು. ಮೇಳದ ಕಲಾವಿದರಿಗೆ ಆ ಆರು ತಿಂಗಳ ದುಡಿಮೆಯಲ್ಲೇ ಮಳೆಗಾಲ ಕಳೆಯಬೇಕು. ರಜೆಯಲ್ಲಿ ಚಾಪೆ ಹಿಡಿದು ಗದ್ದೆಗೆ ಹೋಗಿ, ರಾಕ್ಷಸ ವೇಷ ಬರುವ ಮೊದಲೇ ನಿದ್ದೆ ಹೋಗಿ, ಬೆಳಗ್ಗೆ ಯಾರೋ ಎಬ್ಬಿಸಿದ ನೆನಪು ನಿಮಗೂ ಇರಬೇಕಲ್ವಾ? ಪತ್ರದಲ್ಲಿ ಅದೂ ಇಲ್ಲ.

ನಮ್ಮದನ್ನೂ ಹೇಳಿಬಿಡುತ್ತೇನೆ, ನೀವು ಕೇಳದಿದ್ದರೂ. ಆ ಏಪ್ರಿಲ್‌ನಲ್ಲಿ ಪೇಪರ್ ಮುಟ್ಟಿದರೆ ಕೊರೊನಾ ಬರುತ್ತದೆ ಅಂತ ಯಾರೋ ಹಬ್ಬಿಸಿದರು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಪೇಪರ್ ಹುಡುಗನನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. ಹಾಲಿನ ಪ್ಯಾಕೆಟ್ಟಿಗೆ ಇಲ್ಲದ ಮೈಲಿಗೆ ಕನ್ನಡ ಪತ್ರಿಕೆಗೆ ಬಂತು. ಆಗ ನಿಲ್ಲಿಸಿದ ಎಷ್ಟೋ ಮನೆಗಳು ಮತ್ತೆ ತರಿಸಲೇ ಇಲ್ಲ. ಕಾಯಿಲೆಯ ಹೆಸರಲ್ಲಿ ನಾವು ಏನೇನು ಬಿಟ್ಟೆವು ಅಂತ ಲೆಕ್ಕ ಹಾಕುವವರು ಮೊದಲು ಇದನ್ನು ಬರೆದುಕೊಳ್ಳಲಿ.

ಇನ್ನೊಂದು ಮಾತು. ರಜೆ ಹಾಳಾದದ್ದು ಪ್ರವಾಸಿಗಳಿಂದ ಅನ್ನುತ್ತೀರಿ. ಅಜ್ಜಿಮನೆಗೆ ಬೀಗ ಹಾಕಿದ್ದು ಪ್ರವಾಸಿಗಳಾ? ಈಗ ಏಪ್ರಿಲ್ ಬಂದರೆ ಅಬಾಕಸ್, ಈಜು, ರೊಬೊಟಿಕ್ಸ್ ಕ್ಯಾಂಪು. ಒಂಬತ್ತನೇ ಕ್ಲಾಸು ಮುಗಿದರೆ ನೀಟ್ ಕೋಚಿಂಗ್. ಮಕ್ಕಳು ಊರಿಗೆ ಬರುವುದು ಮೂರು ದಿನಕ್ಕೆ, ಅದೂ ಹೋಟೆಲಲ್ಲಿ ರೂಮು ಮಾಡಿ, ಮನೆಯಲ್ಲಿ ಎಸಿ ಇಲ್ಲವಲ್ಲ ಅಂತ. ಮುಂಬೈ, ಬೆಂಗಳೂರಿನ ಮೊಮ್ಮಕ್ಕಳಿಗೆ ಒಬ್ಬರನ್ನೊಬ್ಬರು ನೋಡಿ ಗೊತ್ತಿರುವುದು ಮದುವೆ ಹಾಲ್‌ಗಳಲ್ಲಿ ಮಾತ್ರ. ಕ್ವಾರಂಟೈನ್‌ಗೆ ಬಳಸಿದ ಶಾಲೆಗಳ ಪೈಕಿ ಕೆಲವಕ್ಕೆ ಮಕ್ಕಳಿಲ್ಲದೆ ಮುಚ್ಚುವ ಭಯ. ಊರ ಬೀಚಲ್ಲಿ ಈಗ ಗದ್ದಲ ಮಾಡುವುದು ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯ ಮಕ್ಕಳು. ಅವರಲ್ಲಿ ಮೊದಲ ಸಲ ಕಡಲು ನೋಡುವವರೂ ಇರುತ್ತಾರೆ. ಮೊದಲ ಅಲೆ ಕಾಲಿಗೆ ತಾಗಿದಾಗ ಕಿರುಚಿ ಹಿಂದೆ ಓಡುವುದನ್ನು ನಿಂತು ನೋಡಿ. ಅವರಿಗೆ ಅಲ್ಲಿ ಅಜ್ಜಿಮನೆ ಇಲ್ಲ ಎನ್ನುವುದು ಅವರ ತಪ್ಪಲ್ಲವಲ್ಲ.

ಅಭಿಯಾನ ಬೇಕು ಅಂತೀರಲ್ಲ, ಹೀಗೆ ಮಾಡೋಣ. ಬೀಚಿನಲ್ಲಿ ಕಸದ ಡಬ್ಬಿ, ಹೆಂಗಸರಿಗೆ ಒಂದು ನೆಟ್ಟಗಿನ ಶೌಚಾಲಯ, ಜೀವರಕ್ಷಕರಿಗೆ ತಿಂಗಳು ತಿಂಗಳು ಸಂಬಳ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರ ಅಕ್ಟೋಬರ್‌ನಲ್ಲಿ, ಕೊರೊನಾ ನಡುವೆಯೇ, ಚೊಕ್ಕ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತಾರಾಷ್ಟ್ರೀಯ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ಅಲ್ಲಿ ಆಗುವುದಾದರೆ ತ್ರಾಸಿಯಲ್ಲಿ ಯಾಕೆ ಆಗುವುದಿಲ್ಲ? ಇದಕ್ಕಾದರೆ ನಾಲ್ಕು ಪುಟ ಕೊಡುತ್ತೇನೆ, ನೀವೇ ಬರೆಯಿರಿ.

ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಕೇಳಿದ್ದೀರಿ. ತವರಿಗೇ ಹೋಗಿ. ಬೀಗ ಹಾಕಿದ್ದರೆ ತೆಗೆಸಿ, ಒಂದು ದಿನ ಗುಡಿಸುವುದಕ್ಕೇ ಬೇಕಾದೀತು. ಪತ್ತನಾಜೆ ಮೇ 24ರ ಆಸುಪಾಸು ಬರುತ್ತದೆ, ಅದಕ್ಕೆ ಮೊದಲು ಹೋದರೆ ಎಲ್ಲಾದರೂ ಒಂದು ಆಟ ಸಿಕ್ಕೇ ಸಿಗುತ್ತದೆ. ಮೀನು ತಿನ್ನುವವರಾದರೆ ಜೂನ್ 1 ನೆನಪಿರಲಿ. ಮುಂಬೈಯ ದಾಯಾದಿಗಳಿಗೆ ಇವತ್ತೇ ಫೋನ್ ಮಾಡಿ ಅವರು ಯಾವ ವಾರ ಬರುತ್ತಾರೆ ಕೇಳಿ. ರೈಲಿನ ಟಿಕೆಟ್ ಬುಕಿಂಗ್ ಈಗ 60 ದಿನಕ್ಕೆ ಇಳಿದಿದೆ, ತಡ ಮಾಡಿದರೆ ವೇಟಿಂಗ್ ಲಿಸ್ಟ್.

— ಸಂ.